ಮೇದಪ್ಪನ ಕಡೇ ರೀಲು

ಇಷ್ಟಕ್ಕೆಲ್ಲ ಕಾರಣ ಪುತ್ತೂರಿನಿಂದ ಸುಳ್ಯಕ್ಕೆ ಬರುವ ಕಡೇ ಬಸ್ಸು. ಪುತ್ತೂರಿನ ಟಾಕೀಸಿನಲ್ಲಿ ಸಿನೆಮಾದ ಕೊನೆಯ ರೀಲು ಶುರುವಾಗುವ ಹೊತ್ತಿಗೆ ಸರಿಯಾಗಿ ಅದು ಹೊರಡುತ್ತಿತ್ತು. ಹಾಗಾಗಿ ವಾರಪತ್ರಿಕೆಗೆ ಚಿತ್ರವಿಮರ್ಶೆ ಬರೆಯುವ ಸುಳ್ಯದ ಮೇದಪ್ಪ, ಒಂದೇ ಒಂದು ಪತ್ತೇದಾರಿ ಚಿತ್ರದ ಕೊನೆಯನ್ನೂ ಕಂಡವನಲ್ಲ. ಕಾಣದ್ದನ್ನು ಬರೆಯುವುದು ಹೇಗೆ? 'ಕೊಲೆಗಾರ ಯಾರೆಂದು ಹೇಳಿ ನಿಮ್ಮ ರಸಭಂಗ ಮಾಡಲಾರೆ' ಎಂದು ಮುಗಿಸಿಬಿಡುತ್ತಿದ್ದ. ಊರಿನವರು ಅದನ್ನು ಅವನ ದೊಡ್ಡ ಗುಣವೆಂದು ತಿಳಿದರು. ಅವನೂ ಅಲ್ಲ ಅನ್ನಲಿಲ್ಲ.

ಈಗ ಸುಳ್ಯದಲ್ಲೇ, ಕೊಯ್ಲು ಮುಗಿದ ಗದ್ದೆಯಲ್ಲಿ, ಸಂಕಪ್ಪನ ಡೇರೆ ಟಾಕೀಸು ಎದ್ದಿತ್ತು. ಬಂಗಲೆಯ ಯಜಮಾನ ಕೊಲೆಯಾಗುವ ಚಿತ್ರ; ಒಂದೇ ದಿನ, ಒಂದೇ ಆಟ. ಮೇದಪ್ಪ ಪುತ್ತೂರಿನಲ್ಲಿ ಮುಕ್ಕಾಲು ನೋಡಿ ವಿಮರ್ಶೆ ಬರೆದದ್ದು ಇದಕ್ಕೇ. ಕೊಂದದ್ದು ಡಾಕ್ಟರೋ ಅಡುಗೆಯವನೋ ಎಂಬ ಚಿಂತೆಯಲ್ಲಿ ಅಂದಿನಿಂದ ಅವನಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಇವತ್ತು ಬಸ್ಸಿನ ಹಂಗಿಲ್ಲ, ಮನೆಗೆ ನಡೆದೇ ಹೋಗಬಹುದು. ಜನ್ಮದಲ್ಲಿ ಮೊದಲ ಸಲ ಕಡೇ ರೀಲು ನೋಡುವ ಸಂಭ್ರಮಕ್ಕೆ ಬೆಳಿಗ್ಗೆಯೇ ಅಂಗಿಗೆ ಇಸ್ತ್ರಿ ಹಾಕಿಸಿದ.

ಪೇಟೆಗಿಳಿದರೆ ಹೋಟೆಲಿನ ಮೊಯ್ದೀನ್ ತಡೆದ.

"ಮೇದಪ್ಪಣ್ಣ, ನನಗೊಬ್ಬನಿಗೆ ಹೇಳಿ ಮಾರಾಯ್ರೆ. ಕೊಂದದ್ದು ಯಾರು?"

"ಹೇಳುದಿಲ್ಲ."

"ಗೋಳಿಬಜೆ ಉಂಟು. ಬಿಸಿ ಬಿಸಿ."

ಮೇದಪ್ಪನ ಬಾಯಲ್ಲಿ ನೀರೂರಿತು. ಗೊತ್ತಿದ್ದರೆ ಹೇಳಿಯೇ ಬಿಡುತ್ತಿದ್ದ, ಪಾಪ. "ಗೋಳಿಬಜೆಗೆ ತತ್ವ ಮಾರುದಾ ಮೊಯ್ದೀನ್?" ಎಂದು ಮುಂದೆ ನಡೆದ.

"ಮನುಷ್ಯ ಅಂದ್ರೆ ಹೀಗಿರ್ಬೇಕು" ಎಂದು ಮೊಯ್ದೀನ್ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಸಂಜೆಯೊಳಗೆ ಹೋಟೆಲಿನಲ್ಲಿ ಚಹಾ ಕುಡಿದವರೆಲ್ಲ, ಚಿತ್ರ ನೋಡಿ ಬಂದ ಮೇಲೆ ತಾವೂ ಮೇದಪ್ಪಣ್ಣನ ಹಾಗೆ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿದ್ದರು.

ಸಂಜೆ ಹೆಂಡತಿ ಶೀಲಾವತಿ ಹೆಂಗಸರ ಬದಿಗೆ ಹೋದಳು. ಮೇದಪ್ಪ ಮುಂದಿನ ಬೆಂಚಿನಲ್ಲಿ ಮೊಯ್ದೀನನ ಪಕ್ಕ ಕೂತ. ಡಾಕ್ಟರು ಪರದೆಗೆ ಬಂದಾಗ ಮೇದಪ್ಪ ಮೂಗು ತುರಿಸಿಕೊಂಡ. "ಡಾಕ್ಟ್ರೇ ಅಂತೆ" ಎಂದು ಗುಸುಗುಸು ಡೇರೆಯ ಹಿಂದಿನವರೆಗೂ ಹೋಯಿತು. ಅಡುಗೆಯವನು ಬಂದಾಗ ಮೇದಪ್ಪ ಸೀನಿದ. "ಅಲ್ಲ, ಅಡುಗೆಯವನು" ಎಂದು ಗುಸುಗುಸು ತಿರುಗಿ ಬಂತು. ಪರದೆ ನೋಡುವವರೇ ಇಲ್ಲ, ಎಲ್ಲರ ಕಣ್ಣೂ ಮೇದಪ್ಪನ ಮುಖದ ಮೇಲೆ.

ಕಡೇ ರೀಲು ಏರಿಸಲು ದೀಪ ಹಾಕಿದ್ದೇ, ಸಂಕಪ್ಪ ಕೈಮುಗಿದು ಬಂದ.

"ಮೇದಪ್ಪಣ್ಣ, ನಿಮ್ಮ ಮುಖ ನೋಡಿಯೇ ಜನ ಕೊಲೆಗಾರನನ್ನು ಹಿಡೀತಾ ಇದ್ದಾರೆ. ನೀವು ಹೇಗೂ ನೋಡಿ ಆಗಿದೆ ಅಲ್ವಾ? ಇದೊಂದು ರೀಲು ಮುಗಿವವರೆಗೆ ಹೊರಗೆ ಬನ್ನಿ, ಸೋಡಾ ಕುಡಿಯುವ."

ನೋಡಿಲ್ಲವೆಂದರೆ ಮಾನ ಹೋಗುತ್ತದೆ, ಎದ್ದರೆ ಕೊಲೆಗಾರ ಹೋಗುತ್ತಾನೆ. ಮೇದಪ್ಪ ಬಾಯಿ ತೆರೆಯುವಷ್ಟರಲ್ಲಿ ಇಡೀ ಡೇರೆ ಚಪ್ಪಾಳೆ ತಟ್ಟಿತು. ಎದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೊರಗೆ ನಿಂತು ಸೋಡಾ ಎತ್ತಿದಾಗ ಒಳಗಿಂದ ಐನೂರು ಬಾಯಿಗಳ "ಅಬ್ಬಬ್ಬಾ" ಕೇಳಿತು.

ಆಟ ಬಿಟ್ಟ ಕೂಡಲೇ ಮೊಯ್ದೀನನ ತೋಳು ಹಿಡಿದ. "ಯಾರು ಮಾರಾಯ?"

ಮೊಯ್ದೀನ್ ನಕ್ಕ. "ನನ್ನನ್ನು ಪರೀಕ್ಷೆ ಮಾಡುದಾ ಮೇದಪ್ಪಣ್ಣ? ಆಣೆ ಹಾಕಿದ್ದೇನೆ. ಸತ್ರೂ ಹೇಳುದಿಲ್ಲ."

ಉಳಿದದ್ದು ಹೆಂಡತಿ. ಅವಳನ್ನು ಕತ್ತಲೆಗೆ ಕರೆದು, ಕಡೇ ಬಸ್ಸಿನ ಕತೆಯನ್ನೆಲ್ಲ ಒಪ್ಪಿಸಿದ. ಶೀಲಾವತಿ ಹೊಟ್ಟೆ ಹಿಡಿದು ನಕ್ಕಳು.

"ನಗು ಸಾಕು. ಕೊಂದದ್ದು ಯಾರು, ಅದು ಹೇಳು."

"ನಾನೆಂತ ಹೇಳುದು? ಕತ್ತಿ ಎತ್ತಿದ್ದು ಕಂಡದ್ದೇ ಸೆರಗು ಮುಖಕ್ಕೆ ಹಾಕಿದೆ. ತೆಗೆದದ್ದು ಆಟ ಮುಗಿದು ದೀಪ ಹಾಕಿದ ಮೇಲೆಯೇ."

ಮೇದಪ್ಪ ಗದ್ದೆಯ ಬದುವಿನ ಮೇಲೆ ಕೂತುಬಿಟ್ಟ. ಅವಳಿಗೆ ಕನಿಕರವಾಯಿತು.

"ಏಳಿ. ನಾಡಿದ್ದು ಇದೇ ಚಿತ್ರ ಕಡಬದಲ್ಲಿ ಉಂಟಂತೆ. ಅಲ್ಲಿ ನಿಮ್ಮ ಮುಖ ಯಾರಿಗೂ ಗೊತ್ತಿಲ್ಲ. ಇಬ್ಬರೂ ಹೋಗುವ, ನಾನೂ ಕಣ್ಣು ಬಿಟ್ಟೇ ನೋಡ್ತೇನೆ."

ಮೇದಪ್ಪನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಎಂದರೆ ಇವಳು ಎಂದುಕೊಂಡು, ಸಿಳ್ಳೆ ಹಾಕುತ್ತ ಅರ್ಧ ದಾರಿ ನಡೆದವನು ಗಕ್ಕನೆ ನಿಂತ.

"ಶೀಲಾ, ಕಡಬದಿಂದ ಕಡೇ ಬಸ್ಸು ಎಷ್ಟು ಗಂಟೆಗೆ?"