ಹೆದರಿಸಲಾರದ ರಕ್ಕಸರು

ರಕ್ಕಸರನ್ನು ಮಾಡುವ ಹುಚ್ಚು ಹಿಡಿದವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಮನೆ ಕೇಳಿಕೊಂಡು ಬರುತ್ತವೆ.

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಬ್ಬ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದೆ. ಡಾಕ್ಟರು ಮುಂದಿನ ಕೋಣೆಯಲ್ಲಿ ಹಲ್ಲು ಕೀಳುತ್ತಿದ್ದರು, ನಾನು ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿದ್ದೆ. ಉಳಿದ ಮೇಣ, ಒಸಡು ಮಾಡಿ ಉಳಿದ ಗುಲಾಬಿ ಬಣ್ಣದ ಪುಡಿ, ಒಡೆದ ಕೃತಕ ಹಲ್ಲುಗಳು ಎಲ್ಲವನ್ನೂ ಡಾಕ್ಟರಿಗೆ ಹೇಳಿಯೇ ಮನೆಗೆ ತರುತ್ತಿದ್ದೆ. ಮೇಣದಲ್ಲಿ ಹೆಬ್ಬೆರಳೆತ್ತರದ ರಕ್ಕಸನನ್ನು ತಿದ್ದಿ, ಅಚ್ಚು ತೆಗೆದು, ಗುಲಾಬಿ ಪುಡಿ ಕಲಸಿ ಎರಕ ಹೊಯ್ದು, ಒಡೆದ ಹಲ್ಲನ್ನು ಉಜ್ಜಿ ಕೋರೆ ಕೂರಿಸಿ, ಬಣ್ಣ ಬಳಿಯುವುದು ನನ್ನ ಹವ್ಯಾಸ. ಎರಡು ತಲೆಯ ಬೇತಾಳ, ರೆಕ್ಕೆಯ ಹುಲಿ, ಒಂಟಿಕಣ್ಣಿನ ದೈತ್ಯ, ಎಲ್ಲರೂ ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಸೀಗೆಕಾಯಿ ಡಬ್ಬಿಯ ಪಕ್ಕ ವಾಸವಾಗಿದ್ದರು.

ನಡುಮನೆಯ ಗಾಜಿನ ಬೀರುವಿನಲ್ಲಿ ಅವರಿಗೊಂದು ಜಾಗ ಸಿಗಬೇಕೆಂಬುದು ನನ್ನ ಬಹುದಿನದ ಆಸೆ. ಅದರ ಬೀಗದ ಕೈ ಇದ್ದದ್ದು ನನ್ನ ಹೆಂಡತಿಯ ಸೊಂಟದಲ್ಲಿ.

ಮೊದಲನೆಯವನು

ನಾನು ಮಾಡಿದ ಮೊದಲ ರಕ್ಕಸ ಬಲು ಉಗ್ರನಾಗಿದ್ದ. ಹಾಗೆಂದು ನಾನು ತಿಳಿದಿದ್ದೆ. ಹುಬ್ಬು ಗಂಟು ಹಾಕಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಬಾಯಿ ಅರ್ಧ ತೆರೆದುಕೊಂಡು ನಿಂತಿದ್ದ. ಅಡುಗೆಮನೆಗೆ ಒಯ್ದು ಹೆಂಡತಿಯ ಮುಂದೆ ಹಿಡಿದೆ.

ಅವಳು ಒಗ್ಗರಣೆ ಸೌಟನ್ನು ಕೆಳಗಿಟ್ಟು ನೋಡಿದಳು. ಮುಖದಲ್ಲಿ ಮರುಕ ಮೂಡಿತು.

"ಪಾಪ, ಇದಕ್ಕೆ ಹಲ್ಲು ನೋವೇನ್ರಿ? ಕೆನ್ನೆ ಊದ್ಕಂಡೈತೆ."

"ನೋವಲ್ಲ ಕಣೇ, ಸಿಟ್ಟು! ರಕ್ಕಸ ಅವನು! ನೋಡಿದವರು ಹೆದರಬೇಕು!"

"ಹಂಗಾದ್ರೆ ಒಂದು ಮಾತು ಕೇಳ್ರಿ. ಯಾರಾದ್ರೂ ಒಬ್ಬರು, ಒಬ್ಬರೇ ಒಬ್ಬರು ಹೆದರಲಿ. ಬೀರುದಾಗೆ ಮೇಲಿನ ಅಂಕಣಾನೇ ಬಿಟ್ಕೊಡ್ತೀನಿ."

ಇಷ್ಟು ಹೇಳಿ ಡಬ್ಬಿಯಿಂದ ಒಂದು ಲವಂಗ ತೆಗೆದು ನನ್ನ ಕೈಗಿಟ್ಟಳು. ನನಗಲ್ಲ, ಅವನಿಗೆ.

ತುರುವನೂರಿನ ಯಜಮಾನರು

ಮನೆಯಲ್ಲಿ ನಡೆಯದ್ದು ಆಸ್ಪತ್ರೆಯಲ್ಲಿ ನಡೆದೀತೆಂದು ಒಂದು ರಕ್ಕಸನನ್ನು ಡಾಕ್ಟರ ಮುಂದಿನ ಕೋಣೆಯ ಮೇಜಿನ ಮೇಲಿಟ್ಟೆ. ಹಲ್ಲು ಕೀಳಿಸಿಕೊಳ್ಳಲು ಬಂದವರು ಮೊದಲೇ ಅರ್ಧ ಹೆದರಿರುತ್ತಾರೆ. ಇನ್ನರ್ಧ ನನ್ನ ಪಾಲಿಗೆ ಬರಲಿ ಎಂಬ ಲೆಕ್ಕ.

ತುರುವನೂರಿನ ರೈತರೊಬ್ಬರು ಹಲ್ಲು ಕಟ್ಟಿಸಲು ಬಂದಿದ್ದರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ರಕ್ಕಸನನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತ ಕಾಯುತ್ತಿದ್ದೆ.

"ಏನಪ್ಪ, ಇಲ್ಲಿ ಬಾರಪ್ಪ," ಎಂದು ಕರೆದರು. "ನನಗೂ ಇಂಥವೇ ಕಟ್ಟಿಬಿಡು."

"ಅವು ಕೋರೆಹಲ್ಲು ಯಜಮಾನ್ರೆ. ರಕ್ಕಸರಿಗೆ ಇರೋವು."

"ಇರ್ಲಿ ಬಿಡಪ್ಪ. ಎಷ್ಟು ಗಟ್ಟಿಯಾಗಿ ಕುಂತಾವೆ ನೋಡು, ಒಂದಾದ್ರೂ ಅಲ್ಲಾಡ್ತೈತಾ? ಹಬ್ಬದಾಗೆ ಮೂಳೆ ಕಡಿಯಾಕೆ ಇಂಥವೇ ಸರಿ."

ಡಾಕ್ಟರೂ ಬಂದು ಹೇಳಿದರು, ಹಾಗೆಲ್ಲಾ ಕಟ್ಟಲು ಬರುವುದಿಲ್ಲ ಎಂದು. ಯಜಮಾನರು ಒಲ್ಲದ ಮನಸ್ಸಿನಿಂದ ಮಾಮೂಲಿ ಹಲ್ಲಿಗೆ ಒಪ್ಪಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎರಡೂ ಕಡೆ ಬ್ಯಾಡ, ಒಂದು ಕಡೆಗಾದ್ರೂ ಹಾಕಪ್ಪ. ಬೀಡಿ ಸೇದಾಕೆ ಇನ್ನೊಂದು ಕಡೆ ಐತಲ್ಲ."

ಹೊಸದುರ್ಗದ ಹೊಸ ಮನೆ

ನನ್ನ ಷಡ್ಡಕ ಹೊಸದುರ್ಗದಲ್ಲಿ ಮನೆ ಕಟ್ಟಿಸಿದ. ಹೊಸ ಮನೆಗೆ ಕೆಟ್ಟ ಕಣ್ಣು ಬೀಳಬಾರದೆಂದು ಎಲ್ಲರೂ ಮಡಕೆಯ ಮೇಲೆ ರಕ್ಕಸನ ಮುಖ ಬರೆಸಿ ತೂಗುಹಾಕುತ್ತಾರಲ್ಲ, ಅದರ ಬದಲು ನನ್ನದನ್ನೇ ಕಟ್ಟುತ್ತೇನೆಂದ. ನನಗೆ ಎದೆಯುಬ್ಬಿತು. ಆದರೆ ನನ್ನ ಕೈಯಲ್ಲಿ ಹೆಬ್ಬೆರಳಿಗಿಂತ ದೊಡ್ಡ ರಕ್ಕಸ ಹುಟ್ಟುವುದಿಲ್ಲ. ಅಷ್ಟನ್ನೇ ಚೆನ್ನಾಗಿ ಮಾಡಿ ಕೊಟ್ಟೆ. ಬಾಗಿಲ ಮೇಲೆ ದಾರದಲ್ಲಿ ಕಟ್ಟಿದ.

ಕೆಲವು ದಿನ ಕಳೆದ ಮೇಲೆ ಷಡ್ಡಕ ಮುಖ ಸಣ್ಣ ಮಾಡಿಕೊಂಡು ಚಿತ್ರದುರ್ಗಕ್ಕೆ ಬಂದ.

"ಏನು ಮಾಡಿಕೊಟ್ಟಿ ಮಾರಾಯ! ಜನ ಮನೆ ನೋಡಬಾರದು ಅಂತ ಕಟ್ಟಿದ್ದು. ದೂರದಿಂದ ಕಾಣಲ್ಲ ಅಂತ ಎಲ್ಲಾ ಹೊಸ್ತಿಲಿಗೇ ಬಂದು ನಿಂತ್ಕಂತಾರೆ. ಕೈ ಅಡ್ಡ ಹಿಡ್ಕಂಡು ಕಣ್ಣು ಕಿರಿದು ಮಾಡಿ ದಿಟ್ಟಿಸ್ತಾರೆ. ಶ್ರೀರಾಂಪುರದ ಬಸ್ಸಿಗೆ ಹೋಗೋರೂ ಬಸ್ಸು ಬಿಟ್ಟು ನೋಡ್ತಾರೆ. ಎದುರು ಮನೆಯಾಕೆ ಸ್ಟೂಲ್ ತಂದು ಹತ್ತಿ ನೋಡಿದ್ಲು!"

"ಹೆದರಿದ್ಲಾ?" ಎಂದು ಆಸೆಯಿಂದ ಕೇಳಿದೆ.

"ಎಲ್ಲಿ ಹೆದರ್ತಾಳೆ! 'ಎಷ್ಟು ಮುದ್ದಾಗೈತೆ' ಅಂತ ಲಟಿಕೆ ಮುರಿದ್ಲು."

"ಹಾಗಾದರೆ ಬಿಚ್ಚಿಬಿಡು."

"ಬಿಚ್ಚಾಕೆ ನಮ್ಮ ಮನೆಯಾಕೆ ಬಿಡಬೇಕಲ್ಲ. ಊರೆಲ್ಲಾ ನೋಡಿ ನೋಡಿ ರಕ್ಕಸನಿಗೇ ದೃಷ್ಟಿ ಆಗ್ತೈತೆ ಅಂತ ಪಕ್ಕದಾಗೆ ಒಂದು ಬೂದುಗುಂಬಳಕಾಯಿ ಕಟ್ಟವಳೆ."

ಕರುವಿನ ಕಿವಿ

ಹೆಬ್ಬೆರಳುದ್ದದ ರಕ್ಕಸನಿಗೆ ಕಣ್ಣುಗುಡ್ಡೆ ಬರೆಯಲು ಬಲು ಸಣ್ಣ ಕುಂಚ ಬೇಕು. ದುರ್ಗದ ಅಂಗಡಿಗಳಲ್ಲಿ ಸಿಗುತ್ತಿದ್ದ ಕುಂಚಗಳು ಎತ್ತಿನ ಕೊಂಬಿಗೆ ಬಣ್ಣ ಬಳಿಯಲು ಲಾಯಕ್ಕಾಗಿದ್ದವು. ಕರುವಿನ ಕಿವಿಯ ಕೂದಲು ಬಹಳ ನಯವೆಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು.

ಐಮಂಗಲ ನನ್ನ ಹೆಂಡತಿಯ ತವರು. ಅಲ್ಲಿಗೆ ಹೋದಾಗ ಪಕ್ಕದ ಮನೆಯ ಮುಂದೆ ಮುದ್ದಾದ ಕರುವೊಂದನ್ನು ಕಟ್ಟಿದ್ದರು. ಸುತ್ತ ಯಾರೂ ಇರಲಿಲ್ಲ. ಕತ್ತರಿ ತೆಗೆದು ಕಿವಿಯಂಚಿನಿಂದ ಒಂದು ಚಿಟಿಕೆ ಕೂದಲು ಕತ್ತರಿಸಿದೆ.

"ಅಯ್ಯಯ್ಯೋ, ಬರ್ರೋ! ನಮ್ಮ ಕರುಗೆ ಮಾಟ ಮಾಡ್ತವ್ನೆ!"

ಮನೆಯೊಡತಿ ಕಿರುಚಿದ್ದಕ್ಕೆ ಬೀದಿಯೇ ಬಂತು. ಕೂದಲು ಕದಿಯುವುದು ಮಾಟಕ್ಕಲ್ಲದೆ ಮತ್ತೇಕೆ? ಜೇಬು ತಡಕಿದರು. ಜೇಬಿನಲ್ಲಿ ನಾಲಗೆ ಚಾಚಿದ ಕೆಂಪು ರಕ್ಕಸ! ಮಾವ ತಲೆ ತಗ್ಗಿಸಿ ನಿಂತರು. ಯಾರೋ ಹೋಗಿ ಊರಿನ ಹಿರಿಯರೊಬ್ಬರನ್ನು ಕರೆತಂದರು. ಮಾಟ, ಮಂತ್ರ, ಚೇಳಿನ ವಿಷ ಇಂಥದ್ದಕ್ಕೆಲ್ಲಾ ಅವರ ಮಾತೇ ಕೊನೆಯಂತೆ.

ಹಿರಿಯರು ಕನ್ನಡಕ ಏರಿಸಿ, ರಕ್ಕಸನನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಮಾಟದ ಬೊಂಬೆ ಆಗಿದ್ರೆ ನೋಡಿದ ಕೂಡ್ಲೇ ಎದೆ ಝಲ್ ಅನ್ನಬೇಕು," ಎಂದರು. "ಇವನನ್ನ ನೋಡಿದ್ರೆ ನಮ್ಮ ಬೀಗರು ಉಂಡೆದ್ದು ತೇಗೋದು ನೆನಪಾಗ್ತೈತೆ. ಇದರಿಂದ ಯಾರಿಗೂ ಏನೂ ಆಗಲ್ಲ. ಅಳಿಯಂದಿರನ್ನ ಬಿಡ್ರಿ."

ಜನ ನಕ್ಕು ಚದುರತೊಡಗಿದರು. ಬದುಕಿದೆಯಾ ಬಡಜೀವವೇ ಎಂದು ಸುಮ್ಮನಿರಬೇಕಿತ್ತು. ಆದರೆ ನಾನು ಹಿರಿಯರಿಗೆ ಅಡ್ಡ ಹೋಗಿ ನಿಂತೆ.

"ಇಲ್ಲ ಯಜಮಾನ್ರೆ, ಇನ್ನೊಂದು ಸಲ ಸರಿಯಾಗಿ ನೋಡ್ರಿ," ಎಂದೆ. "ಸ್ವಲ್ಪನಾದ್ರೂ ಹೆದರಿಕೆ..."

ಮಾವ ನನ್ನ ಕಾಲನ್ನು ಬಲವಾಗಿ ತುಳಿದರು.

ಹೊಳಲ್ಕೆರೆಯ ಮೇಷ್ಟ್ರು

ಇಷ್ಟಾದ ಮೇಲೂ ನಾನು ಕೈಬಿಡಲಿಲ್ಲ. ಬಹಳ ದಿನ ಕೂತು ಒಬ್ಬ ಮಹಾರಕ್ಕಸನನ್ನು ಮಾಡಿದೆ. ಅವನದು ಬರೀ ಬಾಯಿ. ಒಸಡು, ನಾಲಗೆ, ಒಂದರ ಮೇಲೊಂದು ಹತ್ತಿ ಕೂತ ಸೊಟ್ಟ ಹಲ್ಲುಗಳು, ಕಿವಿಯವರೆಗೆ ಹೋದ ಕೋರೆ. ಆಸ್ಪತ್ರೆಯ ಮೇಜಿನ ಮೇಲೆ ಅವನನ್ನು ನಿಲ್ಲಿಸಿದೆ.

ಆ ವಾರವೇ ಹೊಳಲ್ಕೆರೆಯಲ್ಲಿ ನನಗೆ ಪಾಠ ಹೇಳಿದ್ದ ಹೆಡ್‌ಮೇಷ್ಟ್ರು ಹಲ್ಲು ಕಟ್ಟಿಸಲು ಬಂದರು. ನಾನು ಬರೆದ ಹಸುವನ್ನು ಇಡೀ ತರಗತಿಗೆ ತೋರಿಸಿ, "ಇದು ಮಂಚ, ಮಲಗಬಹುದು" ಎಂದಿದ್ದ ಮಹಾನುಭಾವರು ಅವರೇ. ಜೀವನದಲ್ಲಿ ಯಾರಿಗೂ ಹೆದರಿದವರಲ್ಲ. ಇನ್ಸ್‌ಪೆಕ್ಟರು ಶಾಲೆಗೆ ಬಂದರೆ ಇನ್ಸ್‌ಪೆಕ್ಟರೇ ನಡುಗುತ್ತಿದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ, ನಾನೂ ಹೇಳಿಕೊಳ್ಳಲು ಹೋಗಲಿಲ್ಲ. ಡಾಕ್ಟರು ಅವರೊಂದಿಗೆ ಮಾತಾಡುತ್ತಿದ್ದರು, ನಾನು ಹಿಂದಿನ ಕೋಣೆಗೆ ಹೋಗಿ ಅಚ್ಚಿನ ಪ್ಲಾಸ್ಟರ್ ಕಲಸತೊಡಗಿದೆ.

"ಅಯ್ಯೋ ಶಿವನೇ!"

ಓಡಿ ಬಂದೆ. ಮೇಷ್ಟ್ರು ಎದ್ದು ನಿಂತಿದ್ದರು. ಒಂದು ಕೈಯಲ್ಲಿ ನನ್ನ ಮಹಾರಕ್ಕಸ, ಇನ್ನೊಂದು ಕೈ ಬಾಯಿಗೆ ಅಡ್ಡ. ಹಣೆಯ ಮೇಲೆ ಬೆವರು. ನನಗಾದ ಸಂತೋಷ ಹೇಳಲಾರೆ. ಕಣ್ಣಲ್ಲಿ ನೀರೇ ಬಂತು.

"ಸಾರ್, ಹೆದರಿಬಿಟ್ರಾ ಸಾರ್?"

"ಹೆದರದೆ ಏನಯ್ಯಾ ಮಾಡಲಿ!" ಎಂದರು ಮೇಷ್ಟ್ರು. "ಈ ಬಾಯಿ ಮಾಡಿದವನೇ ನನ್ನ ಹಲ್ಲನ್ನೂ ಮಾಡ್ತಾನಂತೆ! ಡಾಕ್ಟರು ಈಗ ತಾನೇ ಹೆಮ್ಮೆಯಿಂದ ಹೇಳಿದ್ರು!"

ರಕ್ಕಸನನ್ನು ಮೇಜಿನ ಮೇಲಿಟ್ಟು, ಛತ್ರಿ ತೆಗೆದುಕೊಂಡು, ಸಿಕ್ಕ ಬಸ್ಸಿಗೆ ಹೊಳಲ್ಕೆರೆಗೆ ಹೊರಟುಹೋದರು. ಆಮೇಲೆ ಕೊನೆಯವರೆಗೂ ಹಲ್ಲು ಕಟ್ಟಿಸದೆ, ಅವಲಕ್ಕಿಯನ್ನು ನೀರಲ್ಲಿ ನೆನೆಸಿಕೊಂಡೇ ತಿಂದರೆಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ, ರಕ್ಕಸನನ್ನು ಜೇಬಿಗೆ ಹಾಕಿಕೊಂಡು ಮನೆಗೆ ಓಡಿದೆ.

"ಬೀರುವಿನ ಬಾಗಿಲು ತೆಗಿ!" ಎಂದು ಹೊಸ್ತಿಲಲ್ಲೇ ಕೂಗಿದೆ. "ಹೆದರಿದ್ರು! ನಮ್ಮ ಹೆಡ್‌ಮೇಷ್ಟ್ರೇ ಹೆದರಿ ಓಡಿಹೋದ್ರು!"

ಹೆಂಡತಿ ನಡೆದದ್ದನ್ನೆಲ್ಲಾ ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡಳು. ಸೊಂಟದಿಂದ ಬೀಗದ ಕೈ ತೆಗೆದು ಬೀರುವಿನ ಬಾಗಿಲು ಪೂರ್ತಿ ತೆರೆದಳು. ಮೇಲಿನ ಅಂಕಣದ ಗಾಜಿನ ಲೋಟಗಳನ್ನು ಒಂದೊಂದಾಗಿ ಕೆಳಗಿಳಿಸಿ, ಸೆರಗಿನಿಂದ ಧೂಳು ಒರೆಸಿದಳು. ನಾನು ರಕ್ಕಸನನ್ನು ಇಡಲು ಹೋದೆ. ನನ್ನ ಕೈ ಹಿಡಿದು ತಡೆದಳು.

"ಅವರು ಹೆದರಿದ್ದು ಬೊಂಬೆಗಲ್ಲ, ನಿಮಗೆ," ಎಂದಳು. "ನೀವೇ ಹತ್ತಿ ನಿಂತ್ಕಳ್ರಿ."