ಪೂರ್ತಿ ಓದಿದವನು

ಎಲ್ಲ ಶುರುವಾದದ್ದು ಬೆಳಿಗ್ಗೆ ಹೆಂಡತಿ ಆಡಿದ ಒಂದು ಮಾತಿನಿಂದ.

"ಊರಿಗೆಲ್ಲ ಸಣ್ಣಕ್ಷರ ಓದಿಸೋರು ನೀವು. ಸಹಿ ಹಾಕೋ ಕಾಗದ ಮಾತ್ರ ಓದಲ್ಲ!"

ಕನ್ನಡಕದಂಗಡಿಯವನಿಗೆ ಮೈಯೆಲ್ಲ ಉರಿಯಿತು. ಮಾತು ನಿಜವಾಗಿತ್ತು, ಅದಕ್ಕೇ ಉರಿ ಹೆಚ್ಚು. ಗಾಜು ಉಜ್ಜುವ ಯಂತ್ರವನ್ನು ಅವನು ಕಂತಿನ ಮೇಲೆ ತಂದಿದ್ದ. ಹದಿನಾರು ಪುಟದ ಕರಾರಿಗೆ ನಿಂತ ಕಾಲಲ್ಲೇ ಸಹಿ ಹಾಕಿದ್ದ. ಹನ್ನೊಂದನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಗಾಜನ್ನು ನಮ್ಮಲ್ಲೇ ಕೊಳ್ಳಬೇಕು, ಬೇರೆ ಕಡೆ ಕೊಂಡರೆ ಯಂತ್ರ ವಾಪಸ್' ಎಂದಿತ್ತು. ಅವನು ಬೇರೆ ಕಡೆ ಕೊಂಡಿದ್ದ. ಸೋಮವಾರ ಕಂಪನಿಯವರು ಯಂತ್ರ ಎತ್ತಿಕೊಂಡು ಹೋಗಲು ಬರುವವರಿದ್ದರು. ಅದು ಹೋದರೆ ಅಂಗಡಿಯಲ್ಲಿ ಉಳಿಯುವುದು ಗೋಡೆಯ ಮೇಲಿನ ಅಕ್ಷರದ ಪಟ, ಮತ್ತು ಅವನು.

ಪಕ್ಕದಂಗಡಿಯ ಟೈಲರನದೂ ಅದೇ ಕಂಪನಿ, ಅದೇ ಗತಿ. ಅವನದು ಹೊಲಿಗೆ ಯಂತ್ರ, ನೂಲಿನ ಷರತ್ತು. ಇಬ್ಬರೂ ಸೇರಿ, ಇಂಥ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಗೆ ದೂರು ಹಿಡಿದು ಹೊರಟರು. ಇಬ್ಬರ ದೂರಿನಲ್ಲೂ ಒಂದೇ ಮಾತು: 'ಅಕ್ಷರ ಬಲು ಸಣ್ಣದು, ಓದಲಾಗಲಿಲ್ಲ, ಮೋಸ ಹೋದೆ.'

"ಅಣ್ಣ, ಅಲ್ಲಿ ನಿನ್ನ ಜಂಭ ತೋರಿಸ್ಬೇಡ," ಎಂದ ಟೈಲರ್.

"ಲೋ, ಗುಂಡಿ ಎಣಿಸೋನು ನನಗೆ ಬುದ್ಧಿ ಹೇಳ್ತೀಯಾ? ಸುಮ್ನೆ ನನ್ನ ಹಿಂದೆ ಬಾ."

ದೂರಿನ ಕೋಣೆಯವರು ಹನ್ನೆರಡಕ್ಕೆ ಕರೆಯುತ್ತೇವೆಂದರು. ಬೆಂಚಿನ ಮೇಲೆ ಕೂತಿರುವಾಗ ಎದುರು ಕೋಣೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕಚೇರಿಯ ಸಂಶೋಧಕಿಯಂತೆ.

"ಸರ್, ಹೇಗೂ ಕಾಯ್ತಿದ್ದೀರಿ. ಸಹಿ ಮಾಡೋ ಮುಂಚೆ ಜನ ಕರಾರನ್ನ ಎಷ್ಟು ಓದ್ತಾರೆ ಅಂತ ನೋಡ್ತಿದ್ದೀವಿ. ಅದನ್ನ ಇಟ್ಕೊಂಡೇ ಹೊಸ ನಿಯಮ ಮಾಡೋದು. ಈ ಕನ್ನಡಕ ಹಾಕ್ಕೊಂಡು ಈ ಮಾದರಿ ಕರಾರು ಓದಿ ಸಹಿ ಮಾಡಿದ್ರೆ ಸಾಕು. ಕಣ್ಣು ಎಲ್ಲಿ ಎಷ್ಟು ಹೊತ್ತು ನಿಲ್ತು ಅಂತ ಕಂಪ್ಯೂಟರೇ ಹೇಳತ್ತೆ."

ಕನ್ನಡಕ ಎಂದ ಮೇಲೆ ಕೇಳಬೇಕೆ? ಅವನು ಅದನ್ನು ಕಸಿದುಕೊಂಡು ತಿರುಗಿಸಿ ನೋಡಿದ. "ಯಾವನು ಮಾಡಿದ್ದು ಇದನ್ನ? ಕಡ್ಡಿ ಸಡಿಲ ಇದೆ," ಎಂದು ಜೇಬಿನಿಂದ ಸಣ್ಣ ತಿರುಪುಳಿ ತೆಗೆದು ಬಿಗಿ ಮಾಡಿಯೇ ಕೊಟ್ಟ.

ಮೊದಲು ಟೈಲರ್ ಕೂತ. ಮೂರನೆಯ ಸಾಲಿಗೆ ಆಕಳಿಸಿದ, ಕೊನೆಯ ಪುಟ ತಿರುವಿ ಸಹಿ ಹಾಕಿದ. ಪರದೆಯ ಮೇಲೆ ಮೂರೇ ಮೂರು ಕೆಂಪು ಚುಕ್ಕೆ: ತಲೆಬರಹದ ಮೇಲೊಂದು, ಸಹಿಯ ಜಾಗದಲ್ಲೊಂದು, ಗೋಡೆ ಗಡಿಯಾರದ ಮೇಲೊಂದು.

"ಎಲ್ಲರೂ ಹೀಗೇ," ಎಂದು ಸಂಶೋಧಕಿ ನಕ್ಕಳು. "ಇವರು ಇನ್ನೂರ ತೊಂಬತ್ತೊಂಬತ್ತನೆಯವರು. ಮೂರನೇ ಸಾಲು ದಾಟಿದೋರು ಒಬ್ಬರೂ ಇಲ್ಲ."

ಕನ್ನಡಕದವನಿಗೆ ಅದು ಹೆಂಡತಿಯ ದನಿಯಲ್ಲೇ ಕೇಳಿಸಿತು. ಕುರ್ಚಿ ಎಳೆದುಕೊಂಡು ಕೂತ. ಇಪ್ಪತ್ತು ವರ್ಷ ಜನರ ಕಣ್ಣು ನೋಡಿದವನಿಗೆ ಕಣ್ಣು ಓಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಟ್ಟೆಗೆ ಇಸ್ತ್ರಿ ಎಳೆದ ಹಾಗೆ, ಎಡದಿಂದ ಬಲಕ್ಕೆ, ಒಂದು ಸಾಲೂ ಬಿಡದೆ ಕಣ್ಣು ಎಳೆದ. ತಲೆಗೆ ಮಾತ್ರ ಒಂದಕ್ಷರವೂ ಇಳಿಯಲಿಲ್ಲ. ಅಲ್ಲಿ ಹೆಂಡತಿಗೆ ಕೊಡಬೇಕಾದ ಉತ್ತರ ತುಂಬಿಕೊಂಡಿತ್ತು. ಕೊನೆಯ ಪುಟದ ಕೆಳಗಿನ ಸಾಲಿನ ಮೇಲೆ ಒಂದು ನೊಣ ಬಂದು ಕೂತಿತು. ಅದನ್ನು ನಾಲ್ಕು ಸೆಕೆಂಡು ದುರುಗುಟ್ಟಿ ನೋಡಿ, ಊದಿ ಓಡಿಸಿ, ಸಹಿ ಜಡಿದ.

ಪರದೆಯಿಡೀ ಕೆಂಪಾಯಿತು. "ಸರ್! ಪೂರ್ತಿ ಓದಿದ್ದೀರಿ!"

"ಮತ್ತೇನಂದ್ಕೊಂಡ್ರಿ? ಹಾಗಂತ ಬರೆದು ಕೊಡಿ ಮೇಡಂ. ಮೊಹರು ಹಾಕಿ. ಮನೇಲಿ ತೋರಿಸ್ಬೇಕು."

ಟೈಲರ್ ಅವನ ಅಂಗಿ ಜಗ್ಗಿದ. "ಅಣ್ಣ, ನಾವು ಏನಂತ ದೂರು ಬರ್ದಿದ್ದೀವಿ, ನೆನಪಿದೆಯಾ?"

"ಸುಮ್ನಿರೋ. ಅದು ಬೇರೆ ರೂಮು."

ಹನ್ನೆರಡಕ್ಕೆ ಕರೆ ಬಂತು. ದೂರಿನ ಅಧಿಕಾರಿ ತನ್ನ ಕಂಪ್ಯೂಟರ್ ನೋಡಿ ಟೈಲರನ ಕಡೆ ತಿರುಗಿದ. "ಮೂರನೇ ಸಾಲಿಗೇ ನಿಮ್ಮ ಕಣ್ಣು ಸೋತಿದೆ. ಅಕ್ಷರ ಓದೋ ಹಾಗಿರಲಿಲ್ಲ ಅನ್ನೋದಕ್ಕೆ ಇನ್ನೇನು ಬೇಕು? ಷರತ್ತು ರದ್ದು, ಯಂತ್ರ ನಿಮ್ಮಲ್ಲೇ ಇರಲಿ."

ಕನ್ನಡಕದವನು ಎದೆ ಸೆಟೆಸಿ ಮುಂದೆ ಬಂದ. "ನಂದೂ ಅದೇ ಸಾರ್. ಅಷ್ಟು ಸಣ್ಣಕ್ಷರ ಮನುಷ್ಯರು ಓದೋಕಾಗತ್ತಾ?"

ಅಧಿಕಾರಿ ಕಂಪ್ಯೂಟರನ್ನು ಅವನತ್ತ ತಿರುಗಿಸಿದ. ಕೆಂಪೋ ಕೆಂಪು. "ನೀವು ಓದಿದ್ದೀರಲ್ಲ! ಅದೇ ಅಳತೆಯ ಅಕ್ಷರ."

"ಅದು ಆ ರೂಮಿಂದು! ನಿಮಗೆ ಯಾರು ಕೊಟ್ಟಿದ್ದು?"

"ನೀವೇ. ಕೊನೇ ಪುಟ, ಕೆಳಗಿನ ಸಾಲು. 'ಈ ಫಲಿತಾಂಶವನ್ನು ನನ್ನ ದೂರಿನ ಜೊತೆ ಸೇರಿಸಲು ಒಪ್ಪಿದ್ದೇನೆ.' ಇಡೀ ಕಾಗದದಲ್ಲಿ ನಿಮ್ಮ ಕಣ್ಣು ಹೆಚ್ಚು ಹೊತ್ತು ನಿಂತಿರೋದೇ ಅದರ ಮೇಲೆ. ನಾಲ್ಕು ಸೆಕೆಂಡು."

"ಅದು ನೊಣ ಸಾರ್!"

"ದೂರು ವಜಾ," ಎಂದು ಅಧಿಕಾರಿ ಮುಂದಿನವರನ್ನು ಕರೆದ.

ಮೊಹರು ಬಿದ್ದ ಕಾಗದ ಮುದುರಿಕೊಂಡು ಅವನು ಮೆಟ್ಟಿಲು ಇಳಿಯುತ್ತಿದ್ದಾಗ ಸಂಶೋಧಕಿ ಹಿಂದೆಯೇ ಓಡಿ ಬಂದಳು.

"ಸರ್, ದೊಡ್ಡಕ್ಷರದ ನಿಯಮ ಬರೋದು ಗ್ಯಾರಂಟಿ! ನಿಮ್ಮೊಬ್ಬರ ಫಲಿತಾಂಶ ಮಾತ್ರ ತೆಗೆದು ಹಾಕಿದ್ವಿ. ಬೇಜಾರು ಮಾಡ್ಕೋಬೇಡಿ. ಒಂದು ಸಾಲೂ ಬಿಡದೆ ಯಾರಾದ್ರೂ ಓದ್ತಾರಾ? ನಮ್ಮಲ್ಲಿ ಯಾರೂ ನಂಬ್ಲಿಲ್ಲ."

ಅವನಿಗೆ ಹೋದ ಜೀವ ಬಂದ ಹಾಗಾಯಿತು. "ಅಮ್ಮಾ ತಾಯಿ, ಅದನ್ನೇ ಒಂದು ಮಾತು ದೂರಿನೋರಿಗೂ ಹೇಳಿಬಿಡಿ!"

"ಅದು ಹೇಗೆ ಸರ್? ಅದು ಬೇರೆ ರೂಮು."