ಅತ್ತೆಯ ಬಸ್ಸಾರಲ್ಲಿ ನನ್ನ ರಾಮೆನ್

ಕಾಯುವುದು ನನ್ನಿಂದಾಗದ ಕೆಲಸ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುಕ್ಕರ್ ಮೂರು ಸಲ ಕೂಗಬೇಕು ಎಂದರೆ ಎರಡನೇ ಕೂಗಿಗೇ ನನ್ನ ಕೈ ಗ್ಯಾಸ್ ಆರಿಸಲು ಹೊರಟಿರುತ್ತದೆ. ಲಿಫ್ಟಿನ ಗುಂಡಿ ಒಮ್ಮೆ ಒತ್ತಿದರೆ ಸಾಕೆಂದು ಗೊತ್ತಿದ್ದೂ ಐದು ಸಲ ಒತ್ತುವವರ ಪೈಕಿ ನಾನು. ಇಂಥ ನನಗೆ ದೇವರು ಕೊಟ್ಟ ಕಸುಬು ಏನು ಗೊತ್ತೇ? ಯಲಹಂಕದಲ್ಲಿ ಕಾರು ಕಲಿಸುವುದು. ಬೆಳಗ್ಗೆ ಆರು ಗಂಟೆಯಿಂದ "ನಿಧಾನ ಮೇಡಂ, ನಿಧಾನ. ಕ್ಲಚ್ ಒಂದೇ ಸಲ ಬಿಡಬೇಡಿ. ಸ್ಕೂಟರ್‌ನವನು ಹೋಗ್ಲಿ ಬಿಡಿ ಸರ್, ನಮಗೇನು ಅರ್ಜೆಂಟು" ಎಂದು ಊರಿಗೆಲ್ಲ ಬುದ್ಧಿ ಹೇಳುತ್ತೇನೆ. ನನ್ನ ಸೀಟಿನ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ತುಳಿದೂ ತುಳಿದೂ ಮನೆಯ ಸೋಫಾದಲ್ಲಿ ಕೂತಾಗಲೂ ಬಲಗಾಲು ಬ್ರೇಕ್ ಹುಡುಕುತ್ತಿರುತ್ತದೆ. "ನಿಮ್ ಕಾಲಿಗೆ ಬ್ರೇಕ್ ಕೊಟ್ಟೋರು ನಾಲಿಗೆಗೂ ಒಂದು ಕೊಡಬಾರದಿತ್ತಾ" ಎನ್ನುತ್ತಾಳೆ ನನ್ನ ಹೆಂಡತಿ ವನಜಾ.

ಅವಳ ಮಾತು ಸುಳ್ಳಲ್ಲ. ನಮ್ಮ ಮಗಳು ಶ್ರಾವ್ಯ, ಸೆಕೆಂಡ್ ಪಿಯುಸಿ ಹುಡುಗಿ, ಮೂರು ಭಾನುವಾರ ಫೋನು ಮುಂದಿಟ್ಟುಕೊಂಡು ರಾಮೆನ್ ಮಾಡುವುದನ್ನು ಕಲಿತಳು. ಜಪಾನಿನವರ ನೂಡಲ್ಸ್ ಅದು. ದೊಡ್ಡ ಬಟ್ಟಲಿನ ತುಂಬ ಬಿಸಿ ಸಾರು, ಅದರಲ್ಲಿ ಮುಳುಗಿದ ನೂಡಲ್ಸ್, ಮೇಲೆ ಅರ್ಧ ಹೋಳು ಮೊಟ್ಟೆ, ಸೊಪ್ಪು, ಅಣಬೆ. ನಾಲ್ಕನೇ ಭಾನುವಾರ ಗೆಳತಿಯನ್ನು ಊಟಕ್ಕೆ ಕರೆದಳು. ನನ್ನ ಮುಂದೆಯೂ ಒಂದು ಬಟ್ಟಲು ಇಟ್ಟು, "ಅಪ್ಪಾ, ಒಂದೇ ನಿಮಿಷ ಇರು, ಫೋಟೋ ತೆಗಿತೀನಿ" ಎಂದಳು. ಒಂದು ನಿಮಿಷ ಎಂದರೆ ಅರವತ್ತು ಸೆಕೆಂಡು. ನಾನು ಹತ್ತನೇ ಸೆಕೆಂಡಿಗೆ ಬಾಯಿಗಿಟ್ಟೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಇದೇನಮ್ಮಾ, ಒತ್ತುಶಾವಿಗೆ ಕಾಲು ಜಾರಿ ಹಂಡೆಗೆ ಬಿದ್ದಂಗಿದೆ" ಎಂದುಬಿಟ್ಟೆ. ಗೆಳತಿ ಕಿಸಕ್ಕನೆ ನಕ್ಕಳು. ಶ್ರಾವ್ಯ ನಗಲಿಲ್ಲ. ತನ್ನ ಬಟ್ಟಲನ್ನು ಪೂರ್ತಿ ಖಾಲಿ ಮಾಡಿ, ತೊಳೆದಿಟ್ಟು, ರೂಮಿಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಂದ್.

ಮಗಳು ಮಾತು ಬಿಟ್ಟ ಮನೆಯಲ್ಲಿ ಇರುವುದು ಎಷ್ಟು ಹಿಂಸೆ ಎಂದು ಹೆಣ್ಣುಮಕ್ಕಳ ಅಪ್ಪಂದಿರಿಗೆ ಹೇಳಬೇಕಾಗಿಲ್ಲ. ನನ್ನ ಮನೆಯಲ್ಲಿ ಅದು ಇನ್ನೂ ಒಂದು ಕೈ ಮೇಲಾಯಿತು. ಯಾಕೆಂದರೆ ನನ್ನ ಜೊತೆ ಮಾತಾಡದವರು ಅಲ್ಲಿ ಆಗಲೇ ಒಬ್ಬರಿದ್ದರು. ವನಜಾಳ ತಾಯಿ, ಹೆಸರಘಟ್ಟದ ಕಡೆಯವರು, ಮೊಣಕಾಲು ನೋವಿಗೆ ತೋರಿಸಿಕೊಳ್ಳಲು ಬಂದು ನಾಲ್ಕು ತಿಂಗಳಿಂದ ನಮ್ಮಲ್ಲೇ ಇದ್ದಾರೆ. ಅವರಿಗೆ ನನ್ನ ಮೇಲೆ ಕೋಪವೇನಿಲ್ಲ, ಅದು ಮರ್ಯಾದೆ. ಅವರ ಕಾಲದ ಹೆಂಗಸರು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ನೇರವಾಗಿ ನನಗೆ ಒಂದು ಮಾತೂ ಆಡಿಲ್ಲ. "ಊಟಕ್ಕೆ ಬರಾಕೇಳವ್ವ ಅವ್ರಿಗೆ" ಎಂದು ಮಗಳಿಗೋ ಮೊಮ್ಮಗಳಿಗೋ ಹೇಳುತ್ತಾರೆ. ಯಾರೂ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. ನಾನೂ ಅತ್ತೆಗೆ ಏನಾದರೂ ಹೇಳಿ ಉತ್ತರಕ್ಕೆ ಕಾಯದೆ ನಡೆದುಬಿಡುತ್ತೇನೆ. ಅದೊಂದು ನನ್ನ ಸ್ವಭಾವಕ್ಕೆ ಹೊಂದುವ ಪದ್ಧತಿ.

ಆದರೆ ಈಗ ಅತ್ತೆ ಮೊಮ್ಮಗಳಿಗೆ ಹೇಳಬೇಕು, ಮೊಮ್ಮಗಳು ನನಗೆ ಹೇಳುವುದಿಲ್ಲ. ಒಂದು ದಿನ ಮೋಟರ್ ಹಾಕಿ ಮರೆತು ಪೇಪರ್ ಓದುತ್ತ ಕೂತಿದ್ದೆ. ಟ್ಯಾಂಕ್ ತುಂಬಿ ನೀರು ಸುರಿಯತೊಡಗಿತು. "ನೀರು ಓಯ್ತಾ ಐತೆ ಅಂತ ಅವ್ರಿಗೆ ಏಳವ್ವ" ಎಂದರು ಅತ್ತೆ. "ಅಮ್ಮ ಬಂದ್ಮೇಲೆ ಹೇಳ್ತೀನಿ ಅಜ್ಜಿ" ಎಂದಳು ಮಗಳು. ವನಜಾ ಬರುವಷ್ಟರಲ್ಲಿ ಎದುರು ಮನೆಯವರೇ ಬಂದು ಬೈದು ಹೋಗಿದ್ದರು.

ಏಳು ದಿನ ತಡೆದೆ. ನನ್ನ ಲೆಕ್ಕದಲ್ಲಿ ಅದು ಏಳು ವರ್ಷ. ಜಕ್ಕೂರಿನ ರಸ್ತೆಯಲ್ಲಿ ಒಬ್ಬ ಅಜ್ಜನಿಗೆ ರಿವರ್ಸ್ ಕಲಿಸುತ್ತಿದ್ದಾಗ ಕಾರಣವೇ ಇಲ್ಲದೆ ರೇಗಿಬಿಟ್ಟೆ. ಆ ಮನುಷ್ಯ ಗಾಡಿ ನಿಲ್ಲಿಸಿ, "ಮನೇಲೇನಾದ್ರೂ ತೊಂದ್ರೆನಾ ಸರ್?" ಎಂದು ಕೇಳಿದಾಗ ನಾಚಿಕೆಯಾಯಿತು. ಮಾತಿನಿಂದ ಕೆಟ್ಟಿದ್ದನ್ನು ಮಾತಿನಿಂದ ಸರಿಮಾಡುವ ಧೈರ್ಯ ಇರಲಿಲ್ಲ. ಹಾಗಾಗಿ ಎಂಟನೇ ದಿನ, ಭಾನುವಾರ, ನಾನೇ ರಾಮೆನ್ ಮಾಡಿ ಮಗಳ ಮುಂದಿಡುವುದೆಂದು ತೀರ್ಮಾನಿಸಿದೆ. ಅವಳು ಟ್ಯೂಷನ್ನಿಗೆ ಹೋಗಿದ್ದಳು, ವನಜಾ ಆರ್.ಟಿ. ನಗರದಲ್ಲಿ ಒಂದು ಸೀಮಂತಕ್ಕೆ.

ಮಗಳು ನೋಡಿದ್ದ ವಿಡಿಯೋವನ್ನೇ ಹಾಕಿದೆ, ಎರಡರಷ್ಟು ವೇಗದಲ್ಲಿ. ಅದರಲ್ಲಿ ಯಾವುದೋ ಜಪಾನಿ ಸೊಪ್ಪು ಹಾಕಿದರು. ಅದನ್ನು ಹುಡುಕಿಕೊಂಡು ಯಾರು ಅಲೆಯುತ್ತಾರೆ, ದಂಟಿನ ಸೊಪ್ಪು ಹಾಕಿದೆ. ಸೋಯಾ ಕಾಳಿನಿಂದ ಮಾಡಿದ ಒಂದು ಮುದ್ದೆಯಂಥದ್ದು ಹಾಕಿದರು. ಕಾಳು ತಾನೇ ಎಂದುಕೊಂಡು ಒಂದು ಹಿಡಿ ಅಲಸಂದೆ ಸುರಿದೆ. ಈರುಳ್ಳಿ, ಶುಂಠಿ, ನಾಲ್ಕು ಅಣಬೆ, ದೊಡ್ಡ ಪಾತ್ರೆ ತುಂಬ ನೀರು. ಇನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಮುಟ್ಟದೆ ಬಿಡಬೇಕಂತೆ. ಒಂದು ಗಂಟೆ! ಐದು ನಿಮಿಷದಲ್ಲಿ ನಾಲ್ಕು ಸಲ ಮುಚ್ಚಳ ತೆಗೆದು ನೋಡಿದೆ, ಬೆರಳು ಸುಟ್ಟುಕೊಂಡೆ. ಕೊನೆಗೆ, "ಅತ್ತೆ, ಒಲೆ ಮೇಲಿರೋದನ್ನ ಸ್ವಲ್ಪ ನೋಡ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿಕೊಂಡು ಅಲ್ಲಾಳಸಂದ್ರ ಕೆರೆ ಸುತ್ತಲು ಹೊರಟೇ ಬಿಟ್ಟೆ. ಅತ್ತೆ ಏನೋ ಕೇಳಬೇಕೆಂದು ಬಾಯಿ ತೆರೆದಂತಿತ್ತು. ಆದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕ್ಯಾಲೆಂಡರ್ ಹತ್ತಿರ ಹೋಗುವಷ್ಟರಲ್ಲಿ ನಾನು ಗೇಟು ದಾಟಿದ್ದೆ.

ಎರಡು ಸುತ್ತು ಮುಗಿಸಿ ಬಂದರೆ ಬಾಗಿಲಲ್ಲೇ ಬೆಳ್ಳುಳ್ಳಿ ಒಗ್ಗರಣೆಯ ಘಮ. ಅಡುಗೆಮನೆಗೆ ಓಡಿದೆ. ಒಂದು ಪಾತ್ರೆಯಲ್ಲಿ ಕೆಂಪಗೆ ಕುದಿಯುತ್ತಿರುವ ಸಾರು, ಪಕ್ಕದ ಬಾಣಲೆಯಲ್ಲಿ ತೆಂಗಿನ ತುರಿ ಉದುರಿಸಿದ ಸೊಪ್ಪು ಕಾಳಿನ ಪಲ್ಯ. ಅತ್ತೆ ಸೆರಗು ಸರಿಮಾಡಿಕೊಂಡು ಕ್ಯಾಲೆಂಡರಿಗೆ ಹೇಳಿದರು: "ಬಸ್ಸಾರಿಗೆ ಸೊಪ್ಪು ಕಾಳು ಬೇಯಾಕಿಟ್ಟಿದ್ರು. ಪಾಪ ಗಂಡಸ್ರು, ರುಬ್ಬಾಕೆ ಬರಾಕಿಲ್ಲ. ನಾನೇ ಬಸ್ದು, ರುಬ್ಬಿ, ಒಗ್ಗರಣೆ ಆಕಿವ್ನಿ."

ಅವರ ತಪ್ಪೇನಿದೆ? ಸೊಪ್ಪು, ಕಾಳು, ಪಾತ್ರೆ ತುಂಬ ನೀರು ಕಂಡರೆ ನಮ್ಮ ಕಡೆ ಯಾವ ಹೆಂಗಸಿಗಾದರೂ ನೆನಪಾಗುವುದು ಬಸ್ಸಾರೇ ಹೊರತು ಜಪಾನ್ ಅಲ್ಲ. ನೀರು ಬಸಿದು ಅದಕ್ಕೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದು ಪಲ್ಯ, ಮಧ್ಯೆ ಒಂದು ಬಿಸಿ ಮುದ್ದೆ. ಆದರೆ ನನಗೆ ಅಳು ಬರುವಂತಾಯಿತು. ಎಂಟು ದಿನದ ಮೌನ ಮುರಿಯಲು ನನ್ನ ಹತ್ತಿರ ಇದ್ದದ್ದು ಅದೊಂದೇ ಪಾತ್ರೆ. ಹೊರಗೆ ಗೇಟು ಕಿರ್ ಎಂದಿತು. ಶ್ರಾವ್ಯ ಬಂದಳು. ಇನ್ನೇನು ಮಾಡಲಿ? ನೂಡಲ್ಸ್ ಬೇಯಿಸಿ ಬಟ್ಟಲಿಗೆ ಹಾಕಿದೆ, ಮೇಲೆ ಬಸ್ಸಾರು ಸುರಿದೆ, ಒಂದು ಬದಿಗೆ ಪಲ್ಯ, ಇನ್ನೊಂದು ಬದಿಗೆ ಅರ್ಧ ಮೊಟ್ಟೆ. ದೇವರ ಮೇಲೆ ಭಾರ ಹಾಕಿ ಅವಳ ಮುಂದಿಟ್ಟೆ.

ಅವಳು ಬಟ್ಟಲನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಒಂದು ಎಳೆ ಸೊರ್ರನೆ ಎಳೆದಳು. ಇನ್ನೊಂದು ಎಳೆದಳು. ಮೂಗು ಕೆಂಪಗಾಯಿತು. ಬಟ್ಟಲು ಎತ್ತಿ ತಳದ ಸಾರನ್ನೂ ಕುಡಿದು ಕೆಳಗಿಟ್ಟು, "ಅಪ್ಪಾ, ಇದ್ ಯಾರ್ ಮಾಡಿದ್ದು?" ಎಂದಳು.

ಅಪ್ಪಾ ಎಂದಳು! ಆ ಒಂದು ಮಾತಿಗೆ ನಾನು ಏನು ಬೇಕಾದರೂ ಕೊಡಲು ಸಿದ್ಧನಿದ್ದೆ, ಸತ್ಯವೊಂದನ್ನು ಬಿಟ್ಟು. ಅಡುಗೆಮನೆ ಬಾಗಿಲ ಹಿಂದೆ ಅತ್ತೆಯ ಸೆರಗು ಕಾಣುತ್ತಿತ್ತು. ನನ್ನೆದುರು ಅವರು ಬಾಯಿ ಬಿಡುವವರಲ್ಲ ಎಂಬ ಧೈರ್ಯದ ಮೇಲೆ, "ನಾನೇ ಕಣಮ್ಮಾ" ಎಂದೆ.

"ಸೂಪರ್ ಕಣಪ್ಪ" ಎಂದಳು. ಆಮೇಲೆ ಎಂಟು ದಿನದ ಸುದ್ದಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಫಿಸಿಕ್ಸ್ ಟೆಸ್ಟು, ಬಸ್ಸಲ್ಲಿ ಕಳೆದ ಕೊಡೆ, ಅವತ್ತು ಆ ಗೆಳತಿ ನಕ್ಕಾಗ ತನಗೆ ಎಷ್ಟು ಬೇಜಾರಾಯಿತು ಎಂಬುದು. "ತಪ್ಪಾಯ್ತು ಕಂದಾ" ಎಂದೆ. ಕಣ್ಣಲ್ಲಿ ನೀರು ಬಂತು, ಖಾರ ಜಾಸ್ತಿಯಾಯಿತು ಎಂದು ಒರೆಸಿಕೊಂಡೆ. ನಾನಿನ್ನೂ ತುತ್ತೂ ತಿಂದಿರಲಿಲ್ಲ ಎಂಬುದನ್ನು ಅವಳು ಗಮನಿಸಲಿಲ್ಲ ಎಂದುಕೊಂಡೆ.

ಸುಳ್ಳಿನ ಸುಖ ಗುರುವಾರದವರೆಗೆ ಇತ್ತು. ಗುರುವಾರ ಶ್ರಾವ್ಯ, "ಈ ಸಂಡೇ ಅದೇ ಫ್ರೆಂಡ್ ಬರ್ತಾಳೆ. ನೀನೇ ಮಾಡ್ಬೇಕು ಅಪ್ಪ. ನಾವು ಪಕ್ಕದಲ್ಲೇ ನಿಂತು ವಿಡಿಯೋ ಮಾಡ್ತೀವಿ" ಎಂದಳು. ಶುಕ್ರವಾರ ಗೇರ್ ಬದಲಿಸುವುದನ್ನು ಹೇಳಿಕೊಡಬೇಕಾದ ಕಡೆ ಒಗ್ಗರಣೆಯ ಬಗ್ಗೆ ಯೋಚಿಸುತ್ತಿದ್ದೆ. ಶನಿವಾರವೆಲ್ಲ ಮನೆಯೊಳಗೇ ಶತಪಥ ಹಾಕಿದೆ. ಭಾನುವಾರ ಬೆಳಗ್ಗೆ ಎದ್ದವನೇ ಅಡುಗೆಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕಾಲು ಚಾಚಿ ಸೊಪ್ಪು ಬಿಡಿಸುತ್ತಿದ್ದರು. ನಾನೂ ಪದ್ಧತಿ ಬಿಡದೆ ಕ್ಯಾಲೆಂಡರಿನ ಮುಂದೆ ನಿಂತು, "ಆ ಬಸ್ಸಾರಿಗೆ ಏನೇನು ರುಬ್ತಾರೋ ಗೊತ್ತಾಗಿದ್ರೆ ಚೆನ್ನಾಗಿತ್ತು" ಎಂದೆ.

ಕ್ಯಾಲೆಂಡರ್ ಸುಮ್ಮನಿತ್ತು. ಅತ್ತೆ ತಲೆಯೆತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ನೇರವಾಗಿ ಅಂದರು: "ನನ್ನೇನ್ ಕೇಳ್ತೀರಾ ಅಳಿಯಂದ್ರೆ? ಮಾಡಿದ್ದು ನೀವಲ್ವಾ?"

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಒಳಗೆ ಹೋಗಲು ನಾನು ತಯಾರಿದ್ದೆ. ಅತ್ತೆ ಸೊಪ್ಪಿನ ಮೊರವನ್ನು ನನ್ನ ಕಡೆ ತಳ್ಳಿ, "ಕೂತ್ಕಳಿ. ಮೊದ್ಲು ಸೊಪ್ಪು ಬುಡಿಸಿ. ಅಂಗೆ ಕೀಳ್ಬ್ಯಾಡಿ, ನಿದಾನ" ಎಂದರು. ಕೂತೆ. ಬಲಗಾಲು ತಾನಾಗಿಯೇ ಬ್ರೇಕ್ ಹುಡುಕಿತು.

ಬಾಗಿಲಲ್ಲಿ ಶ್ರಾವ್ಯ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. "ಕಂದಾ, ನಿಜ ಹೇಳ್ಬಿಡ್ತೀನಿ" ಎಂದು ಶುರುಮಾಡಿದೆ.

"ಗೊತ್ತು ಬಿಡಪ್ಪ. ಅಜ್ಜಿ ಒಗ್ಗರಣೆ ನಂಗ್ ಗೊತ್ತಾಗಲ್ವಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿನ್ ಜೊತೆ ಮಾತಾಡ್ದೆ ನಂಗೂ ಸಾಕಾಗಿತ್ತು" ಎಂದು ಫೋನ್ ಹಿಡಿದು ನನ್ನತ್ತ ತಿರುಗಿಸಿದಳು. "ಫ್ರೆಂಡ್ ಬರೋದ್ರೊಳಗೆ ಕಲಿ. ಹಾಗೇ ಬೆನ್ನಿಗೊಂದು ಎಲ್ ಬೋರ್ಡ್ ಹಾಕ್ಕೊ."